ಮ್ಯಾನೇಜರ್, ಏಜೆಂಟ್, ಟ್ರ್ಯಾಪ್: ಇದನ್ನೂ ಕನ್ನಡದಲ್ಲೇ ಹೇಳೋಣ

ಕಂಪ್ಯೂಟರ್ ವಿದ್ಯೆ ಕನ್ನಡದೊಳಗೆ ಬಾರದಂತೆ ಬಾಗಿಲು ಹಾಕಿ ಕೂತವರು ಎರಡು ಬಗೆ. ಇಂಗ್ಲಿಷ್ ಇಲ್ಲದೆ ಇದೆಲ್ಲ ಆಗುವ ಮಾತಲ್ಲ ಎನ್ನುವವರು ಒಂದು ಕಡೆ. ಪ್ರತಿ ಶಬ್ದಕ್ಕೂ ಸಂಸ್ಕೃತದಿಂದ ಒಂದು ಪದ ತಂದು ಕೂರಿಸಿದರೆ ಕೆಲಸ ಮುಗಿಯಿತು ಎನ್ನುವ ಅಭಿಮಾನಿಗಳು ಇನ್ನೊಂದು ಕಡೆ. ಪ್ರೋಟೋಕಾಲ್ ಎಂಬುದಕ್ಕೆ ‘ಶಿಷ್ಟಾಚಾರ’ ಅಂತ ಬರೆದರೆ ನನಗಂತೂ ಮಂತ್ರಿಗಳು ಬರುವಾಗ ಹಾರ ಹಿಡಿದು ನಿಂತವರೇ ಕಣ್ಣಿಗೆ ಬರುತ್ತಾರೆ. ಎರಡು ಯಂತ್ರಗಳು ಹೇಗೆ ಮಾತಾಡಬೇಕೆಂಬ ಕರಾರು ಅದು ಅಂದರೆ ಸಾಕಲ್ಲ?

ನಾನು ಕಾಮರ್ಸ್ ವಿದ್ಯಾರ್ಥಿ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಈಗ ಸಂಜೆ ನೆಟ್‌ವರ್ಕ್ ಕ್ಲಾಸಿಗೆ ಹೋಗುತ್ತೇನೆ. ಕಾಮರ್ಸಿನವನಿಗೆ ಇದೆಲ್ಲ ಯಾಕಪ್ಪಾ ಎಂದು ಕೇಳುವವರು 2021ರ ಫೆಬ್ರವರಿ 24ನ್ನು ನೆನಪಿಸಿಕೊಳ್ಳಲಿ. ಅಂದು ನಮ್ಮ ಬಾಂದ್ರಾದ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಬೆಳಿಗ್ಗೆ 11.40ಕ್ಕೆ ವ್ಯವಹಾರ ನಿಂತಿತು. ಎರಡು ಟೆಲಿಕಾಂ ಕಂಪೆನಿಗಳ ಲಿಂಕುಗಳು ಕೈಕೊಟ್ಟವೆಂದು ಎಕ್ಸ್‌ಚೇಂಜ್ ಹೇಳಿತು. ಮತ್ತೆ ಶುರುವಾದದ್ದು 3.45ಕ್ಕೆ. ಲಿಂಕ್ ಹೋದರೆ ಲೆಕ್ಕಪುಸ್ತಕವೂ ಬಾಯಿ ಮುಚ್ಚುತ್ತದೆ.

ಇಂಥ ನೆಟ್‌ವರ್ಕುಗಳ ಮೇಲೆ ಕಣ್ಣಿಡಲಿಕ್ಕೆ ಇರುವ ಒಂದು ಹಳೆಯ ಪ್ರೋಟೋಕಾಲ್ ಎಸ್ಎನ್ಎಂಪಿ. 1988ರಲ್ಲಿ ಬಂದದ್ದು, ಇಂದಿಗೂ ಬಳಕೆಯಲ್ಲುಂಟು. ಅದರ ಶಬ್ದಗಳನ್ನು ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಕೂತು ವಿವರಿಸಬಹುದು. ಗಲ್ಲದಲ್ಲಿ ಕೂತವನು ಮ್ಯಾನೇಜರ್. ಅಡಿಗೆಮನೆಯಿಂದ ಉತ್ತರ ಕೊಡುವ ಹುಡುಗನ ಹಾಗೆ ಪ್ರತಿ ಯಂತ್ರದೊಳಗೂ ಒಬ್ಬ ಏಜೆಂಟ್. “ಇಡ್ಲಿ ಎಷ್ಟು ಉಂಟು?” ಎಂದು ಕೇಳುವುದು ಗೆಟ್. ಆಗಾಗ ಹೀಗೆ ಕೇಳುತ್ತಲೇ ಇರುವುದು ಪೋಲಿಂಗ್. “ಆ ಒಲೆ ಆರಿಸು” ಎಂಬ ಅಪ್ಪಣೆ ಸೆಟ್. ಯಾರೂ ಕೇಳದೆ ಒಳಗಿನಿಂದಲೇ “ಗ್ಯಾಸ್ ಮುಗಿಯಿತು!” ಎಂದು ಕೂಗುವುದು ಟ್ರ್ಯಾಪ್. ಈ ಕೂಗು ಸಹಿ ಹಾಕಿಸಿ ಕೊಡುವ ಟಪಾಲಲ್ಲ, ಸಾದಾ ಕಾರ್ಡು. ತಲುಪಿತೆಂಬ ರಸೀದಿ ಇಲ್ಲ. ಆದ್ದರಿಂದ ಕೂಗನ್ನೇ ನಂಬಿ ಕೂರಬಾರದು, ಕೇಳುತ್ತಲೂ ಇರಬೇಕು.

ಎಂಐಬಿ ಎಂದರೆ ನಮ್ಮ ಲೆಜರಿನ ಹಾಗೆ. ಖಾತೆಗೆ ಫೋಲಿಯೋ ನಂಬರು ಇದ್ದಂತೆ ಅಲ್ಲಿ ಪ್ರತಿ ಸಂಗತಿಗೂ ಒಂದು ಸಂಖ್ಯೆ. 1.3.6.1.2.1.1.3 ಎಂದರೆ ಏಜೆಂಟ್ ಎದ್ದು ಎಷ್ಟು ಹೊತ್ತಾಯಿತೆಂಬ ಲೆಕ್ಕ, ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ. ಸುಮಾರು 497 ದಿನಕ್ಕೆ ಅದು ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಹಿಂದಿನ ಬಾಕಿ ನೋಡದೆ ಬರೇ ಇಂದಿನ ಅಂಕೆ ಓದಿದವನು ಯಂತ್ರ ಈಗತಾನೇ ಎದ್ದಿತು ಅಂದುಕೊಂಡಾನು. ಇದು ಕಾಮರ್ಸಿನವರಿಗೆ ಹೇಳಿಕೊಡಬೇಕಾದ ಮಾತೇ?

ಇನ್ನು ಕಮ್ಯೂನಿಟಿ. ಇದು ನಮ್ಮ ಮುಂಬಯಿಯ ಜಾತಿಸಂಘ ಅಲ್ಲ, ಏಜೆಂಟನ ಬಾಗಿಲು ತೆರೆಯುವ ಗುಟ್ಟಿನ ಮಾತು. ಎಷ್ಟೋ ಯಂತ್ರಗಳು ಕಾರ್ಖಾನೆಯಿಂದ ಬರುವಾಗಲೇ ಓದಲಿಕ್ಕೆ ‘ಪಬ್ಲಿಕ್’, ಬದಲಾಯಿಸಲಿಕ್ಕೆ ‘ಪ್ರೈವೇಟ್’ ಎಂಬ ಮಾತು ಇಟ್ಟುಕೊಂಡು ಬರುತ್ತಿದ್ದವು. ಲೋಕಕ್ಕೆಲ್ಲ ಗೊತ್ತಿರುವುದು ಗುಟ್ಟು ಹೇಗಾದೀತು? ಹಳೆಯ ಆವೃತ್ತಿಗಳಲ್ಲಿ ಅದು ತಂತಿಯ ಮೇಲೆ ಬಿಚ್ಚುಮುಖದಲ್ಲೇ ಹೋಗುತ್ತದೆ. 2002ರಲ್ಲಿ ಪೂರ್ತಿ ಮಾನ್ಯವಾದ ಮೂರನೆಯ ಆವೃತ್ತಿಯಲ್ಲಿ ಗುರುತು ಪರೀಕ್ಷೆಯೂ ಉಂಟು, ಮಾತನ್ನು ಮರೆಮಾಡುವ ಉಪಾಯವೂ ಉಂಟು.

ಗೆಳೆಯರೇ, ಇಷ್ಟೇ ಸಂಗತಿ. ಆದರೂ ಕನ್ನಡ, ಮರಾಠಿ ಶಾಲೆಗಳಿಂದ ಬಂದವರು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಬಾಯಿ ಕಟ್ಟಿ ಕೂರುತ್ತಾರೆ. ಅವರನ್ನು ಹೆದರಿಸುವುದು ಟ್ರ್ಯಾಪ್ ಅಲ್ಲ, ಅದನ್ನು ವಿವರಿಸುವ ಇಂಗ್ಲಿಷ್ ವಾಕ್ಯ. ಇಂಟರ್‌ವ್ಯೂದಲ್ಲಿ ಉರು ಹೊಡೆದವನು ಒಪ್ಪಿಸಿ ಗೆಲ್ಲುತ್ತಾನೆ. ಲಿಂಕ್ ಹೋದ ರಾತ್ರಿ ಆ ಗಿಳಿಪಾಠ ಯಾರ ಕೈ ಹಿಡಿಯುತ್ತದೆ? ಇಂಗ್ಲಿಷ್ ಬೇಡವೆಂದು ನಾನು ಹೇಳುವುದಿಲ್ಲ, ಹೊಟ್ಟೆಪಾಡಿಗೆ ಅದು ಬೇಕು. ಶಬ್ದ ಅಲ್ಲಿಯದೇ ಇರಲಿ, ಅರ್ಥ ಮಾತ್ರ ಮೊದಲು ನಮ್ಮ ಮಾತಿನಲ್ಲಿ ಇಳಿಯಲಿ. ತಿಳಿದದ್ದನ್ನು ಆಮೇಲೆ ಇಂಗ್ಲಿಷಿನಲ್ಲಿ ಹೇಳುವುದು ಅರ್ಧ ಕೆಲಸ.

ನಮ್ಮ ಸಂಘದ ಪತ್ರಿಕೆಯಲ್ಲಿ ಪ್ರೇಮಕವನಗಳಿಗೆ ನನ್ನ ತಕರಾರಿಲ್ಲ. ಆದರೆ ಪ್ರತಿ ಸಂಚಿಕೆಯಲ್ಲಿ ಎರಡು ಪುಟ ಇಂಥ ವಿಷಯಕ್ಕೆ ಇಡಬೇಕು. ಸಾಯನ್ಸಿನವರು ಅವರದ್ದು ಬರೆಯಲಿ, ನಾವು ಘಸಾರೆ, ಡಿಬೆಂಚರು ಬರೆಯುತ್ತೇವೆ. ಕನ್ನಡದಲ್ಲಿ ಆಗುವುದಿಲ್ಲ ಎನ್ನುವವರಿಗೆ ವಾದ ಬೇಡ, ಬರೆದು ತೋರಿಸಿದರೆ ಸಾಕು.