ಮೊಗಸಾಲೆಯಲ್ಲಿ ಮಕ್ಕಳ ಬಿನ್ನಹ

ಕಳೆದ ವರ್ಷ ರಜೆಗೆಂದು ಊರಿಗೆ ಬಂದಿದ್ದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು, ಅಮೆರಿಕದಲ್ಲಿ ನೆಲೆಸಿ ಈ ಸಂಸ್ಥೆಯ ದಾನಿಗಳ ಪಟ್ಟಿಯಲ್ಲಿಯೂ ಸೇರಿರುವವನು, ಮಾತಿನ ನಡುವೆ ತನ್ನ ಮಗಳ ಸುದ್ದಿ ತೆಗೆದನು. ಆಕೆ ಓದುವ ಕ್ಯಾಥೊಲಿಕ್ ಪ್ರೌಢಶಾಲೆಯವರು ಮಕ್ಕಳನ್ನು ಬಸ್ಸಿನಲ್ಲಿ ರಾಜ್ಯದ ರಾಜಧಾನಿಗೆ ಕರೆದೊಯ್ದು, ಗರ್ಭಸ್ಥ ಶಿಶುವಿನ ರಕ್ಷಣೆಗಾಗಿ ಶಾಸನ ಮಾಡಿರೆಂದು ಶಾಸಕರಲ್ಲಿ ಬೇಡಿಕೊಳ್ಳುವ ದಿನವೊಂದನ್ನು ವರ್ಷವರ್ಷವೂ ನಡೆಸುವರಂತೆ. “ಗುರುಗಳೇ, ನಮ್ಮ ಶಾಲೆಯಲ್ಲಿಯೂ ಇಂಥದೊಂದು ದಿನ ಏಕಿರಬಾರದು? ಬಸ್ಸಿನ ಖರ್ಚು ನನಗಿರಲಿ” ಎಂದನು. ಆಗ ನನಗೆ ಉತ್ತರ ತೋಚದೆ ಚಹಾ ತರಿಸಿದೆ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಇಂಥ ದಿನವನ್ನು ಅಲ್ಲಿ ‘ಲಾಬಿ ದಿನ’ವೆನ್ನುವರು. ಲಾಬಿಯೆಂದೊಡನೆ ನಮ್ಮ ಪತ್ರಿಕೆಗಳ ವಾಚಕರಿಗೆ ಮದ್ಯದ ಲಾಬಿ, ಗಣಿ ಲಾಬಿಗಳೇ ನೆನಪಾಗುವುವು. ಮೂಲದಲ್ಲಿ ಆ ಪದಕ್ಕೆ ಸಭಾಭವನದ ಹೊರಗಿನ ಅಂಗಣವೆಂದಷ್ಟೇ ಅರ್ಥ. ಕನ್ನಡದಲ್ಲಿ ಅದಕ್ಕೆ ಮೊಗಸಾಲೆಯೆಂಬ ಚೆಲುವಾದ ಮಾತುಂಟು. ಮೊಗಸಾಲೆಯಲ್ಲಿ ನಿಂತು ಬಿನ್ನಹ ಮಾಡುವುದು ಪ್ರಜೆಯಾದವನಿಗೆ ಅವಮಾನಕರವಲ್ಲ, ಹಕ್ಕು.

ಅಮೆರಿಕದ ಕಥೆ ಸಂಕ್ಷೇಪವಾಗಿ ಹೀಗಿದೆ. 1973ರ ಜನವರಿ 22ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ರೋ ಮತ್ತು ವೇಡ್ ಮೊಕದ್ದಮೆಯಲ್ಲಿ ಗರ್ಭಪಾತವನ್ನು ಸ್ತ್ರೀಯ ಸಂವಿಧಾನಬದ್ಧ ಹಕ್ಕೆಂದು ಮನ್ನಿಸಿತು. ಅದನ್ನು ವಿರೋಧಿಸಿ 1974ರಿಂದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಪ್ರತಿ ಜನವರಿಯಲ್ಲಿ ಮೆರವಣಿಗೆ ನಡೆದುಬಂದಿದೆ; ಅದರಲ್ಲಿ ಶಾಲಾ ಕಾಲೇಜುಗಳ ಮಕ್ಕಳ ಸಂಖ್ಯೆಯೇ ಗಣನೀಯ. 2022ರ ಜೂನ್ 24ರಂದು ಅದೇ ನ್ಯಾಯಾಲಯವು ಡಾಬ್ಸ್ ಮೊಕದ್ದಮೆಯಲ್ಲಿ ಹಿಂದಿನ ತೀರ್ಪನ್ನು ರದ್ದುಗೊಳಿಸಿ, ವಿಷಯವನ್ನು ಜನಪ್ರತಿನಿಧಿಗಳಿಗೇ ಒಪ್ಪಿಸಿತು. ಆದುದರಿಂದ ಈಗ ಒಂದೊಂದು ರಾಜ್ಯದ ಶಾಸನಸಭೆಯೂ ರಣರಂಗ. ಎದುರು ಪಕ್ಷದವರೂ ತಮ್ಮ ತರುಣರನ್ನು ಕರೆತರುವರು.

ಆ ದಿನದ ಸಿದ್ಧತೆಯನ್ನು ಕೇಳಿ ನಾನು ನಿಜವಾಗಿಯೂ ಬೆರಗಾದೆ. ಪ್ರತಿಯೊಂದು ಮಗುವೂ ತನ್ನ ಮನೆ ಯಾವ ಕ್ಷೇತ್ರದಲ್ಲಿದೆ, ಅದರ ಪ್ರತಿನಿಧಿ ಯಾರು ಎಂದು ಮೊದಲು ತಿಳಿದುಕೊಳ್ಳಬೇಕು. ಭೇಟಿಯ ಸಮಯವನ್ನು ಮುಂಚಿತವಾಗಿ ಪತ್ರ ಬರೆದು ಗೊತ್ತುಮಾಡಿಕೊಳ್ಳಬೇಕು. ಮಸೂದೆಯ ಸಂಖ್ಯೆ, ಅದರ ಒಂದು ಕಲಮು, ತಮ್ಮ ಕೋರಿಕೆ ಇವಿಷ್ಟನ್ನೂ ಐದು ನಿಮಿಷದೊಳಗೆ ಹೇಳಿ ಮುಗಿಸಬೇಕು. ಶಾಸಕನು ಒಪ್ಪದಿದ್ದರೂ ವಂದಿಸಿ, ಮನೆಗೆ ಬಂದು ಕೃತಜ್ಞತಾ ಪತ್ರ ಬರೆಯಬೇಕು. ನಾವು ಬಿನ್ನವತ್ತಳೆಯನ್ನು ಬರೆಯಲು ಕಲಿಸುತ್ತೇವೆ, ಬಿನ್ನಹವನ್ನು ಬರೆಯಲು ಕಲಿಸಿದ್ದೇವೆಯೇ? ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಮಕ್ಕಳನ್ನು ಕರೆದೊಯ್ಯುವುದುಂಟು. ಗ್ಯಾಲರಿಯಲ್ಲಿ ಸ್ವಲ್ಪ ಹೊತ್ತು ಕುಳಿತು, ಮೆಟ್ಟಿಲ ಮೇಲೆ ಭಾವಚಿತ್ರ ತೆಗೆಸಿಕೊಂಡು, ಬುತ್ತಿಯುಂಡು ಮರಳಿದರೆ ಪ್ರವಾಸ ಮುಗಿಯಿತು.

ಆದರೆ ಆ ಬಾಲಕಿ ಶಾಸಕರ ಮುಂದೆ ನುಡಿದುದು ಯಾರ ಮಾತು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಗರ್ಭಸ್ಥ ಜೀವದ ಬಗೆಗೆ ನನಗೂ ಗೌರವವುಂಟು, ಮರೆಮಾಚುವುದಿಲ್ಲ. ಆದರೂ ಆ ಬಸ್ಸನ್ನೇರುವ ಪ್ರತಿಯೊಂದು ಮಗುವೂ ನಮ್ಮ ಬೆಳಗಾವಿಯ ಹೆಣ್ಣುಮಗಳು ಡಾ. ಸವಿತಾ ಹಾಲಪ್ಪನವರ ಅವರ ಹೆಸರನ್ನು ಕೇಳಿರಬೇಕೆಂದು ಬಯಸುತ್ತೇನೆ. ಐರ್ಲೆಂಡಿನಲ್ಲಿ ದಂತವೈದ್ಯೆಯಾಗಿದ್ದ ಆಕೆಗೆ 2012ರ ಅಕ್ಟೋಬರಿನಲ್ಲಿ, ಹದಿನೇಳು ವಾರಗಳ ಗರ್ಭಿಣಿಯಾಗಿದ್ದಾಗ, ಗರ್ಭ ನಿಲ್ಲದೆಂಬುದು ಖಚಿತವಾಯಿತು. ಗರ್ಭವನ್ನು ತೆಗೆಯಿರೆಂದು ಕೇಳಿಕೊಂಡಳು. ಶಿಶುವಿನ ಹೃದಯ ಇನ್ನೂ ಮಿಡಿಯುತ್ತಿದೆಯೆಂಬ ಕಾರಣದಿಂದ ನಿರಾಕರಿಸಲಾಯಿತು. ನಂಜೇರಿ ಅಕ್ಟೋಬರ್ 28ರಂದು ತೀರಿಕೊಂಡಳು, ವಯಸ್ಸು ಮೂವತ್ತೊಂದು. ಶುಶ್ರೂಷೆಯಲ್ಲಿಯೂ ಲೋಪಗಳಾದುವೆಂದು ವಿಚಾರಣಾ ವರದಿಗಳು ಹೇಳಿದುವು. ಆದರೆ ವೈದ್ಯರ ಕೈ ಕಟ್ಟಿದ್ದುದು 1983ರಲ್ಲಿ ಜೀವರಕ್ಷಣೆಯ ಹೆಸರಿನಲ್ಲಿಯೇ ಸೇರಿಸಿದ ಸಂವಿಧಾನದ ತಿದ್ದುಪಡಿ. 2018ರ ಮೇ 25ರ ಜನಮತದಲ್ಲಿ ಐರ್ಲೆಂಡಿನ ಜನರು ಆ ತಿದ್ದುಪಡಿಯನ್ನು ತೆಗೆದುಹಾಕಲು ತೀರ್ಮಾನಿಸಿದರು. ಒಳ್ಳೆಯ ಉದ್ದೇಶದ ಶಾಸನವೊಂದು ಹೆತ್ತವರ ಮನೆಯಂಗಳದಲ್ಲಿ ಏನಾಗಿ ಬಂದು ಬೀಳಬಹುದೆಂಬುದನ್ನು ಓದದ ಮಗುವನ್ನು ಶಾಸಕರೆದುರು ನಿಲ್ಲಿಸುವುದು ಶಿಕ್ಷಣವಲ್ಲ, ಗಿಳಿಪಾಠ.

ನಮ್ಮ ದೇಶದ ಪ್ರಶ್ನೆಯೇ ಬೇರೆ. ಇಲ್ಲಿ 1971ರ ಕಾಯಿದೆಯು ನಿಯಮಬದ್ಧ ಗರ್ಭಪಾತಕ್ಕೆ ಅವಕಾಶವಿತ್ತಿದೆ; 2021ರ ತಿದ್ದುಪಡಿ ಅದನ್ನು ವಿಸ್ತರಿಸಿದೆ. ಅದನ್ನು ಕೆದಕುವುದು ನನ್ನ ಉದ್ದೇಶವಲ್ಲ. ನನ್ನ ಸಂಕಟವಿರುವುದು ಹೆಣ್ಣೆಂಬ ಒಂದೇ ಕಾರಣಕ್ಕಾಗಿ ನಡೆಯುವ ಹತ್ಯೆಯಲ್ಲಿ. ಅದಕ್ಕೆ ಹೊಸ ಶಾಸನ ಬೇಕಿಲ್ಲ. 1994ರ ಕಾಯಿದೆಯಿದೆ, 2003ರಲ್ಲಿ ಬಿಗಿಯೂ ಆಗಿದೆ. ಭ್ರೂಣದ ಲಿಂಗವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸುವಂತಿಲ್ಲ. ಆದರೂ ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳು 2001ರಲ್ಲಿ 927ಕ್ಕೂ, 2011ರಲ್ಲಿ 919ಕ್ಕೂ ಇಳಿದರು. 2023ರ ಕೊನೆಯಲ್ಲಿ ಪೊಲೀಸರು ಬಯಲಿಗೆಳೆದ ಪ್ರಕರಣದಲ್ಲಿ ಲಿಂಗಪತ್ತೆಯ ಯಂತ್ರವಿದ್ದುದು ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಎಂಬ ಆರೋಪ ಹೊರಬಿತ್ತು. ಬೆಲ್ಲ ಬೇಯುವ ಜಾಗ!

ಇಂಥಲ್ಲಿ ನಮ್ಮ ಮಕ್ಕಳು ಕೇಳಬಹುದಾದ ಮಾತುಗಳುಂಟು. ನಮ್ಮ ತಾಲ್ಲೂಕಿನಲ್ಲಿ ನೋಂದಾಯಿತ ಸ್ಕ್ಯಾನಿಂಗ್ ಕೇಂದ್ರಗಳೆಷ್ಟು, ಈ ವರ್ಷ ತಪಾಸಣೆಯಾದವೆಷ್ಟು, ಮೊಕದ್ದಮೆಗಳು ಎಲ್ಲಿಗೆ ಬಂದುವು? ಇವನ್ನು ಸದನದಲ್ಲಿ ಪ್ರಶ್ನೆಯಾಗಿ ಎತ್ತಿರೆಂದು ಶಾಸಕರನ್ನು ಕೋರುವುದಕ್ಕೆ ಒಂದು ಹಾಳೆ ಸಾಕು. ಲಿಂಗಪತ್ತೆ ಅಪರಾಧ, ಕಾಯಿದೆ ಒಪ್ಪಿದ ಗರ್ಭಪಾತ ಅಪರಾಧವಲ್ಲ ಎಂಬ ಭೇದ ಆ ಹಾಳೆಯಲ್ಲಿ ಸ್ಪಷ್ಟವಾಗಿರಬೇಕು. ಇಲ್ಲವಾದರೆ ಕಷ್ಟದಲ್ಲಿರುವ ಹೆಂಗಸು ಆಸ್ಪತ್ರೆಗೆ ಹೋಗಲು ಅಂಜುವಳು. ಹೋಗಲೊಲ್ಲದ ಮಗುವನ್ನು ಒತ್ತಾಯಿಸಕೂಡದು. ತಂದೆತಾಯಿಗಳ ಒಪ್ಪಿಗೆ ಬರಹದಲ್ಲಿರಲಿ.

ಆದರೆ ಮಕ್ಕಳಿಗಿಂತ ಮೊದಲು ಹೋಗಬೇಕಾದವರು ನಾವು. ಎಪ್ಪತ್ತೈದು ಸದಸ್ಯರ ನಮ್ಮ ವಿಧಾನ ಪರಿಷತ್ತಿನಲ್ಲಿ ಏಳು ಸ್ಥಾನಗಳು ಶಿಕ್ಷಕರವು, ಏಳು ಪದವೀಧರರವು. ಈ ಸಂಚಿಕೆಯನ್ನೋದುವ ಅಧ್ಯಾಪಕರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಅನೇಕರು ಆ ಮತದಾರರೇ. ಆ ಸದಸ್ಯರಲ್ಲಿಗೆ ವೇತನಶ್ರೇಣಿಗಾಗಿ ಹೋಗಿದ್ದೇವೆ, ಪಿಂಚಣಿಗಾಗಿ ಹೋಗಿದ್ದೇವೆ, ವರ್ಗಾವಣೆಗಾಗಿಯೂ ಹೋದವರುಂಟು. ನಾನೂ ನಿಯೋಗವೊಂದರಲ್ಲಿದ್ದೆ, ಕೊಠಡಿಯಿಂದ ಹೊರಬರುವಾಗ ಹುಟ್ಟದೆಹೋದ ಹುಡುಗಿಯರ ವಿಷಯ ನಮ್ಮಲ್ಲೊಬ್ಬರ ಬಾಯಿಯಲ್ಲಿಯೂ ಬಂದಿರಲಿಲ್ಲ, ನನ್ನದರಲ್ಲಿಯೂ.

ಬಸ್ಸಿನ ಹಣವನ್ನು ಸದ್ಯಕ್ಕೆ ಕಾದಿರಿಸುವಂತೆ ಆ ಹಳೆಯ ಶಿಷ್ಯನಿಗೆ ಬರೆದಿದ್ದೇನೆ. ಮುಂದಿನ ಅಧಿವೇಶನಕ್ಕೆ ಮುಂಚೆ ನಮ್ಮ ಶಿಕ್ಷಕರ ಕ್ಷೇತ್ರದ ಸದಸ್ಯರಿಗೆ ಕಳುಹಬೇಕಾದ ಬಿನ್ನಹದ ಕರಡು ಸಿದ್ಧವಾಗಿದೆ. ಸಹಿ ಮಾಡಲಿಚ್ಛಿಸುವ ಅಧ್ಯಾಪಕ ಮಿತ್ರರು ಯಾವ ಶನಿವಾರವಾದರೂ ಕನ್ನಡ ವಿಭಾಗದಲ್ಲಿ ನನ್ನನ್ನು ಕಾಣಬಹುದು.