ಮನೆಯ ಲೆಕ್ಕ: ಕಡಲಾಚೆಯ ಸಂಸಾರ



ಕಳೆದ ತಿಂಗಳು ಈ ಅಂಕಣದಲ್ಲಿ ಮಳೆಗಾಲದ ದಿನಸಿಯನ್ನು ಕೂಡಿಡುವ ವಿಚಾರವನ್ನು ಬರೆದಿದ್ದೆವು. ಅದನ್ನು ಓದಿದ ನಮ್ಮ ತಂಗಿಯ ಮಗಳು ಮನೆಗೆ ಬಂದವಳು, “ದೊಡ್ಡಮ್ಮಾ, ನೀವು ಯಾವಾಗಲೂ ಊರಿನ ಸಂಸಾರಗಳ ಲೆಕ್ಕವನ್ನೇ ಬರೆಯುತ್ತೀರಿ. ಪರದೇಶದಲ್ಲಿ ಬಾಳುವವರಿಗೆ ಖರ್ಚೇ ಇಲ್ಲವೆಂದು ಎಣಿಸಿದಿರೋ?” ಎಂದು ನಗುತ್ತ ಕೇಳಿ, ಕೈಚೀಲದಿಂದ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ತೆಗೆದು ನಮ್ಮ ಮುಂದಿಟ್ಟಳು. ಆ ನಗುವಿನಲ್ಲಿ ಸ್ವಲ್ಪ ಕಹಿಯೂ ಇದ್ದಿತು. ಅದಕ್ಕೆ ಕಾರಣವನ್ನು ಮುಂದೆ ಹೇಳುವೆವು.

ಈಕೆ ಸೌದಿ ಅರೇಬಿಯದ ದಮ್ಮಾಮಿನಲ್ಲಿ ಗಂಡ ಮತ್ತು ಇಬ್ಬರು ಮಕ್ಕಳೊಡನೆ ಏಳು ವರ್ಷ ಸಂಸಾರ ಮಾಡಿದವಳು. ಗಂಡನಿಗೆ ಒಂದು ಉಗ್ರಾಣದಲ್ಲಿ ಲೆಕ್ಕಪತ್ರದ ಕೆಲಸ, ತಿಂಗಳಿಗೆ 6000 ರಿಯಾಲ್ ಸಂಬಳ. ನಮ್ಮ ಕರಾವಳಿಯಲ್ಲಿ ಇಂತಹ ಮನೆಗಳು ಎಷ್ಟೋ ಇವೆ. ಹಿಂದೆ ಮುಂಬಯಿಗೆ ಹೋಗುತ್ತಿದ್ದವರ ಮಕ್ಕಳು 1973ರ ಅನಂತರ ಎಣ್ಣೆಯ ದೇಶಗಳಿಗೆ ಹೋದರು. “ಅವರಿಗೇನು, ರಿಯಾಲಿನಲ್ಲಿ ಸಂಬಳ” ಎಂಬುದು ಊರಲ್ಲಿ ಉಳಿದವರ ಮಾತು. ಈ ಮಾತನ್ನು ಆಡಿದವರಲ್ಲಿ ನಾವೂ ಒಬ್ಬರು. 2018ರಲ್ಲಿ ತರವಾಡು ಮನೆಯ ಮಾಡು ಸೋರತೊಡಗಿದಾಗ, ರಿಪೇರಿಯ ವೆಚ್ಚದಲ್ಲಿ ಅರ್ಧವನ್ನು ದಮ್ಮಾಮಿನವರೇ ಕೊಡಲೆಂದು ಹೇಳಿ ಕಳುಹಿಸಿದವರು ನಾವೇ. ಅವರು ತುಟಿಪಿಟಕ್ಕೆನ್ನದೆ ಹಣ ಕಳುಹಿಸಿದರು. ಆ ಹಣ ಎಲ್ಲಿಂದ ಬಂದಿತೆಂಬುದನ್ನು ಈ ಪುಸ್ತಕವನ್ನು ನೋಡಿದ ಮೇಲೆ ತಿಳಿದೆವು.

ಪುಸ್ತಕವು 2015ರಿಂದ ಮೊದಲಾಗುವುದು. ಆಗ ಅಲ್ಲಿ 91ರ ಗುಣದ ಪೆಟ್ರೋಲು ಲೀಟರಿಗೆ 45 ಹಲಾಲ, ಎಂದರೆ ಅರ್ಧ ರಿಯಾಲಿಗೂ ಕಡಿಮೆ. 2016ರ ಜನವರಿಯಲ್ಲಿ ಅದು 75 ಹಲಾಲವಾಯಿತು. 2018ರ ಜನವರಿಯಲ್ಲಿ 1 ರಿಯಾಲ್ 37 ಹಲಾಲ. ಅದೇ ತಿಂಗಳು ಮನೆಗಳ ವಿದ್ಯುಚ್ಛಕ್ತಿಯ ದರವೂ ಏರಿತು. ದಮ್ಮಾಮಿನ ಬೇಸಗೆಯಲ್ಲಿ ತಂಪುಯಂತ್ರವನ್ನು ನಿಲ್ಲಿಸುವುದೆಂದರೆ ಮಕ್ಕಳನ್ನು ಬಾಣಲೆಯಲ್ಲಿ ಇಟ್ಟಂತೆ. ಆ ತಿಂಗಳುಗಳಲ್ಲಿ 3000 ಯೂನಿಟ್ ಸುಡುವುದು ಸಾಮಾನ್ಯವೆಂದು ಈಕೆ ಹೇಳುವಳು. ಹಳೆಯ ದರದಲ್ಲಿ ಮೊದಲ 2000 ಯೂನಿಟ್‌ಗಳಿಗೆ 5 ಹಲಾಲದಂತೆಯೂ ಮಿಕ್ಕ 1000ಕ್ಕೆ 10 ಹಲಾಲದಂತೆಯೂ ಒಟ್ಟು 200 ರಿಯಾಲ್ ಆಗುತ್ತಿದ್ದಿತು. ಹೊಸ ದರವಾದರೋ 6000 ಯೂನಿಟ್‌ಗಳ ವರೆಗೆ ಒಂದೊಂದಕ್ಕೂ 18 ಹಲಾಲ. ಆದುದರಿಂದ ಅದೇ ಉರಿಗೆ 540 ರಿಯಾಲ್. ಇದರ ಮೇಲೆ, ಅದೇ ಜನವರಿ 1ರಿಂದ, ಅಂಗಡಿಯ ಸಾಮಾನುಗಳಿಗೆಲ್ಲ ನೂರಕ್ಕೆ 5ರಂತೆ ಮೌಲ್ಯವರ್ಧಿತ ತೆರಿಗೆ ಬಂದಿತು. 2020ರ ಜುಲೈಯಲ್ಲಿ ಅದನ್ನು ನೂರಕ್ಕೆ 15ಕ್ಕೆ ಏರಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ಜಾಣೆಯಾದ ಗೃಹಿಣಿಯು ಹೇಗಾದರೂ ತೂಗಿಸಿಕೊಂಡು ಹೋಗಬಹುದಾಗಿತ್ತು. ವಾರಕ್ಕೆರಡು ಬಾರಿ ಕೋಳಿ ತರುವುದನ್ನು ಒಂದು ಬಾರಿಗೆ ಇಳಿಸಬಹುದು. ಸಮುದ್ರತೀರದ ಸಂಜೆಯ ತಿರುಗಾಟವನ್ನು ಕಡಿಮೆ ಮಾಡಬಹುದು. ಆದರೆ ಎಷ್ಟು ಮಿತವ್ಯಯದಿಂದಲೂ ಇಳಿಸಲಾಗದ ಒಂದು ಖರ್ಚು ಆ ಪುಸ್ತಕದಲ್ಲಿ ಕೆಂಪು ಮಸಿಯಲ್ಲಿ ಬರೆದಿದೆ. ಅಲ್ಲಿಯ ನಮ್ಮವರು ಅದನ್ನು ‘ಲೆವಿ’ ಎನ್ನುವರು. ಹೆಂಡತಿ ಮಕ್ಕಳನ್ನು ಜೊತೆಯಲ್ಲಿ ಇಟ್ಟುಕೊಂಡ ಪರದೇಶೀಯನು ಆ ಒಬ್ಬೊಬ್ಬರಿಗೂ ಇಷ್ಟೆಂದು ಸರ್ಕಾರಕ್ಕೆ ಕೊಡತಕ್ಕ ಹಣವದು. 2017ರ ಜುಲೈಯಲ್ಲಿ ತಲೆಗೆ ತಿಂಗಳಿಗೆ 100 ರಿಯಾಲಿನಿಂದ ಮೊದಲಾಗಿ, ವರ್ಷ ವರ್ಷವೂ 100ರಂತೆ ಏರಿ, 2020ರ ಜುಲೈಯಲ್ಲಿ 400ಕ್ಕೆ ಮುಟ್ಟಿತು. ಇಕಾಮಾ ಎಂಬ ವಾಸದ ಪರವಾನಗಿಯನ್ನು ಹೊಸದು ಮಾಡಿಸುವಾಗ ಇಡೀ ವರ್ಷದ ಹಣವನ್ನು ಇವರು ಮುಂಗಡವಾಗಿ ಎಣಿಸಿಕೊಡಬೇಕಾಗಿದ್ದಿತು.

ನಮ್ಮ ಹುಡುಗಿಯ ಮನೆಯಲ್ಲಿ ಅವಳೂ ಇಬ್ಬರು ಮಕ್ಕಳೂ ಸೇರಿ ಮೂರು ತಲೆ. ಮೊದಲ ವರ್ಷ ತಿಂಗಳಿಗೆ 300, ಎರಡನೆಯ ವರ್ಷ 600, ಮೂರನೆಯ ವರ್ಷ 900, ನಾಲ್ಕನೆಯ ವರ್ಷದಿಂದ 1200. ಕೊನೆಯದನ್ನು ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ 14,400 ರಿಯಾಲ್. ಸಂಬಳದಲ್ಲಿ ಐದನೆಯ ಒಂದು ಪಾಲು. ಅಕ್ಕಿಗಲ್ಲ, ಬಾಡಿಗೆಗಲ್ಲ, ಔಷಧಕ್ಕಲ್ಲ. ಒಂದೇ ಸೂರಿನ ಕೆಳಗೆ ಕೂಡಿ ಇರುವುದಕ್ಕೆ! ಪುಸ್ತಕದ ಆ ಪುಟದಲ್ಲಿ ಅವಳು ನಾಲ್ಕು ವರ್ಷಗಳ ಲೆಕ್ಕವನ್ನು ಮೊದಲೇ ಹಾಕಿಟ್ಟು ಅದರ ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ನಾವು ಮಾಡಿನ ಹಂಚಿಗೆ ಹಣ ಬೇಡಿದುದು ಆ ಎರಡನೆಯ ವರ್ಷದಲ್ಲಿಯೇ. ಆಗ ಕೈಯ ಎರಡು ಬಳೆಗಳು ಹೋದವಂತೆ.

ಸಂಬಳವು ಏಕೆ ಹೆಚ್ಚಲಿಲ್ಲವೆಂದು ಕೆಲವರು ಕೇಳಬಹುದು. ಪರದೇಶೀಯ ಕೆಲಸಗಾರನ ತಲೆಯ ಮೇಲೂ ಬೇರೊಂದು ಶುಲ್ಕವಿದ್ದಿತು. 2020ರ ಹೊತ್ತಿಗೆ ಅದು ತಿಂಗಳಿಗೆ 700ರಿಂದ 800 ರಿಯಾಲಿನ ವರೆಗೆ ಬೆಳೆಯಿತು. ಅದನ್ನು ಕೊಡತಕ್ಕವನು ಯಜಮಾನನು. ಅಷ್ಟನ್ನು ಕೊಟ್ಟ ಯಜಮಾನನ ಬಳಿಗೆ ಹೋಗಿ ಬಡ್ತಿಯ ಮಾತೆತ್ತಲು ಈಕೆಯ ಗಂಡನಿಗೆ ಧೈರ್ಯ ಬರಲಿಲ್ಲ. ಉದ್ಯೋಗ ಉಳಿದುದೇ ಪುಣ್ಯವೆಂದುಕೊಂಡನು.

ಆ ದೇಶವನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. 2014ರ ನಡುವಿನಲ್ಲಿ ಪೀಪಾಯಿಗೆ 100 ಡಾಲರಿಗೂ ಮೇಲಿದ್ದ ಎಣ್ಣೆಯ ಬೆಲೆ 2016ರ ಜನವರಿಯಲ್ಲಿ 30ಕ್ಕೂ ಕೆಳಗೆ ಬಿದ್ದಿತು. ಎಣ್ಣೆಯಿಂದಲೇ ಬೊಕ್ಕಸ ತುಂಬುವ ರಾಜ್ಯವು ಬೇರೆ ಆದಾಯವನ್ನು ಹುಡುಕದೆ ಗತಿಯಿರಲಿಲ್ಲ. ಸಂಬಳದ ಮೇಲೆ ಅಲ್ಲಿ ತೆರಿಗೆಯೂ ಇಲ್ಲ. ತನ್ನ ಪ್ರಜೆಗಳಿಗೆ ಈ ಏರಿಕೆ ಸಹ್ಯವಾಗಲೆಂದು ಸರ್ಕಾರವು 2017ರ ಡಿಸೆಂಬರಿನಿಂದ ಕಡಿಮೆ ಆದಾಯದ ನಾಡಿನ ಕುಟುಂಬಗಳಿಗೆ ತಿಂಗಳು ತಿಂಗಳೂ ಹಣ ಸಲ್ಲಿಸತೊಡಗಿತು. 2018ರಲ್ಲಿ ಅವರ ಖಾಸಗಿ ಶಾಲೆ, ಆಸ್ಪತ್ರೆಗಳ ಮೇಲಿನ ತೆರಿಗೆಯನ್ನು ತಾನೇ ಹೊತ್ತಿತು. ಯಾವ ರಾಜ್ಯವೂ ಮಾಡತಕ್ಕ ಕೆಲಸವೇ ಅದು. 2021ರ ಜುಲೈಯಲ್ಲಿ ಪೆಟ್ರೋಲಿನ ಬೆಲೆಯು ಲೀಟರಿಗೆ 2 ರಿಯಾಲ್ 18 ಹಲಾಲವನ್ನು ಮೀರದಂತೆ ಕಟ್ಟು ಹಾಕಿದಾಗ ಪರದೇಶೀಯರಿಗೂ ಅದರ ಪ್ರಯೋಜನ ದೊರೆಯಿತೆಂಬುದನ್ನೂ ಹೇಳಬೇಕು. ಆದರೂ ಒಂದೇ ಅಂಗಡಿಯಲ್ಲಿ, ಒಂದೇ ಬೆಲೆಗೆ, ಒಂದೇ ಹಾಲಿನ ಪುಡಿಯನ್ನು ಕೊಳ್ಳುವ ಇಬ್ಬರು ತಾಯಂದಿರಲ್ಲಿ ಒಬ್ಬಳಿಗೆ ಮಾತ್ರ ಬೆನ್ನ ಹಿಂದೆ ಆಸರೆಯಿರುವುದು. ಪರದೇಶೀಯರ ತುಟ್ಟಿಯ ಕಷ್ಟವನ್ನು ಅಂಗಡಿಯ ಚೀಟಿಯನ್ನಷ್ಟೇ ಓದಿ ಅಳೆಯಲಾಗದೆಂಬುದು ಇದಕ್ಕಾಗಿಯೇ.

ಊರಿನವರ ಕಣ್ಣಿಗೆ ಇದು ಬೀಳದಿರಲು ಮತ್ತೊಂದು ಕಾರಣವುಂಟು. 2017ರಲ್ಲಿ ಒಂದು ರಿಯಾಲಿಗೆ ಸುಮಾರು 17 ರೂಪಾಯಿ. 2024ರಲ್ಲಿ ಸುಮಾರು 22. ಅವನು ಕಳುಹಿಸುವ 2000 ರಿಯಾಲ್ ಹಿಂದೆ 34,000 ರೂಪಾಯಿಯಾಗಿ ಬಂದರೆ, ಆಮೇಲೆ 44,000 ಆಗಿ ಬಂದಿತು. ಅತ್ತೆಯವರಿಗೆ ಅಳಿಯನ ಸಂಪಾದನೆ ಹೆಚ್ಚಿದಂತೆ ತೋರುವುದು ಸಹಜ. ಅವನ ಕೈಯಿಂದ ಹೋದುದು ಮಾತ್ರ ಅಷ್ಟೇ ರಿಯಾಲ್. ಅದನ್ನು ಉಳಿಸಲು ಅವನು ಮೊದಲಿಗಿಂತ ಹೆಚ್ಚು ಹೊಟ್ಟೆ ಕಟ್ಟಿದನು. (ಕೊಲ್ಲಿಯ ನೆರೆಯ ರಾಜ್ಯಗಳಾದ ದುಬೈ, ಕತಾರಗಳಲ್ಲಿ 1966ರ ವರೆಗೂ ರೂಪಾಯಿಯೇ ನಡೆಯುತ್ತಿದ್ದಿತೆಂದರೆ ಇಂದಿನ ಮಕ್ಕಳು ನಂಬುವುದಿಲ್ಲ!)

ಇನ್ನು ಅಡಿಗೆಮನೆಯ ಸೋಜಿಗವೊಂದು. ನಮ್ಮ ಊಟಕ್ಕೆ ಬೇಕಾದ ಕುಚ್ಚಲಕ್ಕಿ, ಈರುಳ್ಳಿಗಳು ಅಲ್ಲಿಗೆ ಇಲ್ಲಿಂದಲೇ ಹೋಗತಕ್ಕವು. 2023ರ ಆಗಸ್ಟಿನಲ್ಲಿ ನಮ್ಮ ಸರ್ಕಾರವು ಹೊರದೇಶಕ್ಕೆ ಹೋಗುವ ಕುಚ್ಚಲಕ್ಕಿಗೆ ನೂರಕ್ಕೆ 20ರಂತೆ ಸುಂಕ ಹಾಕಿತು. ಡಿಸೆಂಬರಿನಲ್ಲಿ ಈರುಳ್ಳಿಯ ರಫ್ತನ್ನೇ ನಿಲ್ಲಿಸಿತು. ಇಲ್ಲಿ ಬೆಲೆ ಏರದಿರಲೆಂದು ಮಾಡಿದ ಏರ್ಪಾಡು. ನಮಗೂ ಅದರಿಂದ ಅನುಕೂಲವೇ ಆಗಿರಬೇಕು. ಆದರೆ ಊರಿನ ತಂಗಿಯ ಮಡಕೆಗೆ ಕಾವಲಿಟ್ಟಾಗ ಕಡಲಾಚೆಯ ಅಕ್ಕನ ಮಡಕೆ ಬರಿದಾಗುವುದು. ಈರುಳ್ಳಿಯ ತಡೆಯನ್ನು 2024ರ ಮೇ ತಿಂಗಳಲ್ಲಿಯೂ ಅಕ್ಕಿಯ ಸುಂಕವನ್ನು ಅಕ್ಟೋಬರಿನಲ್ಲಿಯೂ ತೆಗೆದುಹಾಕಿದರು. ಆ ನಡುವೆ ಈಕೆಯ ಗಂಡನು ಈರುಳ್ಳಿಯಿಲ್ಲದ ಸಾರಿನ ಪಾಕವನ್ನು ಫೋನಿನಲ್ಲಿ ಕೇಳಿ ಕಲಿತನಂತೆ.

ಅವನೇ ಏಕೆ ಅಡಿಗೆ ಮಾಡಬೇಕಾಯಿತೆಂದರೆ, 2019ರ ಮಾರ್ಚಿಯಲ್ಲಿ ಮಕ್ಕಳ ಪರೀಕ್ಷೆ ಮುಗಿದೊಡನೆ ಹೆಂಡತಿ ಮಕ್ಕಳು ಊರಿಗೆ ಮರಳಿದರು. ಮನೆಯನ್ನು ಬಿಟ್ಟು ಅವನು ಮೂವರೊಡನೆ ಒಂದು ಕೋಣೆಯನ್ನು ಹಂಚಿಕೊಂಡನು. ಅಂದಿನಿಂದ ಪುಸ್ತಕದಲ್ಲಿ ಎರಡು ಅಂಕಣಗಳು: ಎಡಕ್ಕೆ ದಮ್ಮಾಮು, ಬಲಕ್ಕೆ ಊರು. ಎರಡು ಒಲೆ, ಎರಡು ಬಾಡಿಗೆ, ವರ್ಷಕ್ಕೊಮ್ಮೆ ವಿಮಾನದ ಟಿಕೇಟು. ಎರಡನ್ನೂ ಕೂಡಿದರೆ ಲೆವಿಯನ್ನು ಕೊಟ್ಟು ಒಟ್ಟಿಗಿರುವ ಖರ್ಚಿಗಿಂತ ಉಳಿತಾಯವೇನೋ ಇದೆ. ತಿಂಗಳಿಗೆ ಎಷ್ಟೆಂದು ಕೂಡಿ ನೋಡಿದಾಗ ನಾವು ಎಣಿಸಿದ್ದ ಅರ್ಧವೂ ಆಗಲಿಲ್ಲ. ಕಿರಿಯ ಹುಡುಗನು ತಂದೆ ರಜದಲ್ಲಿ ಬಂದ ಮೊದಲೆರಡು ದಿನ ಅವನೊಡನೆ ಮಾತನಾಡಲು ಸಂಕೋಚಪಡುವನೆಂಬುದು ಯಾವ ಅಂಕಣದಲ್ಲಿಯೂ ಬರೆದಿಲ್ಲ.

ಮಾಡಿನ ಹಣದ ವಿಷಯದಲ್ಲಿ ನಾವು ಅವಳ ಕ್ಷಮೆ ಕೇಳಿದೆವು. “ಅದು ಹಾಗಿರಲಿ, ದೊಡ್ಡಮ್ಮಾ. ಈ ಲೆಕ್ಕವನ್ನು ನೀವೊಮ್ಮೆ ನೋಡಿ ಹೇಳಿ” ಎಂದಳು. ಮಗಳ ಎಸ್.ಎಸ್.ಎಲ್.ಸಿ. ಮುಗಿದಿದೆ. ಅವಳನ್ನು ಇಲ್ಲಿ ಹಾಸ್ಟೆಲಿಗೆ ಸೇರಿಸಿ, ಹುಡುಗನನ್ನು ಕರೆದುಕೊಂಡು ತಾನು ಮರಳಿ ಹೋದರೆ ಎರಡೇ ತಲೆ. 400ರಂತೆ ತಿಂಗಳಿಗೆ 800 ರಿಯಾಲ್. ಆದರೆ ಸಂಸಾರವು ಮತ್ತೆ ಎರಡು ಕಡೆಯೇ ಆಗುವುದು, ಈ ಬಾರಿ ಮಗಳು ಇತ್ತ. ಪುಸ್ತಕವನ್ನು ನಮ್ಮಲ್ಲಿಯೇ ಬಿಟ್ಟು ಹೋಗಿದ್ದಾಳೆ. ಹಾಸ್ಟೆಲಿನ ಶುಲ್ಕದ ಸಾಲನ್ನು ನಾವಿನ್ನೂ ತುಂಬಿಲ್ಲ.