ಬದುವಿನ ತಂಗಡಿ ಸುಡಬೇಡಿ

ಮುಂಗಾರು ಉಳುಮೆಗೆ ಮುಂಚೆ ಒಂದು ಮಾತು ಹೇಳಲೇಬೇಕು ಅನ್ನಿಸ್ತು.

ನಂಜನಗೂಡಿಂದ ತಿ. ನರಸೀಪುರದ ಕಡೆ ಹೋಗ್ತಾ ಹೊಲದ ಬದುಗಳನ್ನ ನೋಡಿ. ಎಷ್ಟೋ ಬದು ಕಂದು ಬಣ್ಣಕ್ಕೆ ತಿರುಗಿವೆ. ಬಿಸಿಲಿಗಲ್ಲ, ಕಳೆನಾಶಕಕ್ಕೆ. ಹುಲ್ಲಿನ ಜೊತೆ ತಂಗಡಿ ಗಿಡಾನೂ ಸುಟ್ಟು ಹೋಗ್ತಿದೆ. ಅದೇ, ಕೆಲವರು ಆವರಿಕೆ ಅಂತೀರಲ್ಲ, ಆ ಹಳದಿ ಹೂವಿನ ಗಿಡ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ನೀರಿಲ್ಲದ, ದಿನವಿಡೀ ಬಿಸಿಲು ಬೀಳೋ ಜಾಗಕ್ಕೆ ತಂಗಡಿಗಿಂತ ಒಳ್ಳೆ ಹೂವಿನ ಗಿಡ ಇಲ್ಲ. ಬದು ಇರಲಿ, ಮನೆ ಮುಂದಿನ ಕೈತೋಟ ಇರಲಿ, ಪಂಪ್‌ಸೆಟ್ ಮನೆ ಸುತ್ತಮುತ್ತ ಇರಲಿ. ಇದನ್ನ ಸುಟ್ಟು, ನರ್ಸರಿಯಿಂದ ದುಡ್ಡು ಕೊಟ್ಟು ಗಿಡ ತಂದು, ಬೇಸಿಗೇಲಿ ಅದಕ್ಕೆ ಬಿಂದಿಗೇಲಿ ನೀರು ಹೊರೋದು ಯಾವ ಲೆಕ್ಕ?

2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳನ್ನ ಬರಪೀಡಿತ ಅಂತ ಘೋಷಿಸಿದ್ರು. ಅಂಥ ವರ್ಷದಲ್ಲೂ ತಾಯಿಬೇರು ಆಳಕ್ಕೆ ಇಳಿಸಿಕೊಂಡಿರೋ ಗಿಡ ಬದುಕುತ್ತೆ. ಒಂದು ಮಳೆ ಬಿದ್ರೆ ಸಾಕು, ಮತ್ತೆ ಹೂವು. ದನ, ಮೇಕೆ ಇದಕ್ಕೆ ಅಷ್ಟಾಗಿ ಬಾಯಿ ಹಾಕಲ್ಲ, ಹಾಗಾಗಿ ಬೇಲಿ ಚಿಂತೇನೂ ಇಲ್ಲ. ತೆಲಂಗಾಣದವರು ಇದನ್ನೇ ರಾಜ್ಯದ ಹೂವು ಮಾಡ್ಕೊಂಡಿದ್ದಾರೆ, ಬತುಕಮ್ಮ ಹಬ್ಬಕ್ಕೆ ಇದೇ ಹೂವು ಜೋಡಿಸ್ತಾರೆ. ನಾವು ಕಳೆ ಅಂತ ಔಷಧಿ ಹೊಡೀತೀವಿ.

ಅಂದ ಒಂದೇ ಆಗಿದ್ರೆ ಇಷ್ಟು ಬರೀತಿರಲಿಲ್ಲ. ತಂಗಡಿ ಹೂವಲ್ಲಿ ಮಕರಂದ ಇಲ್ಲ, ಇರೋದು ಪರಾಗದ ಪುಡಿ ಮಾತ್ರ. ಮರ ಕೊರೆಯೋ ದೊಡ್ಡ ಕಪ್ಪು ದುಂಬಿ ಇದೆಯಲ್ಲ, ಅದು ಹೂವನ್ನ ತಬ್ಬಿ ಹಿಡಿದು ಗುಂಯ್ ಅಂತ ಮೈ ನಡುಗಿಸಿ ಆ ಪುಡಿ ಉದುರಿಸಿಕೊಳ್ಳುತ್ತೆ. ಬದನೆ ಹೂವಲ್ಲೂ ಅದು ಮಾಡೋದು ಇದೇ ಕೆಲಸ. ಹೊಲದಲ್ಲಿ ಬೆಳೆ ಇಲ್ಲದ ತಿಂಗಳಲ್ಲಿ ಅದಕ್ಕೆ ತಿನ್ನೋಕೆ ಏನೂ ಉಳಿಸದೆ, ಬದನೆ ಹೂವು ಬಿಟ್ಟಾಗ ಬಾ ಅಂದ್ರೆ ಎಲ್ಲಿಂದ ಬರುತ್ತೆ?

ಜೇನ್ನೊಣಕ್ಕೆ ಮಕರಂದಾನೂ ಬೇಕು. ಅದಕ್ಕೆ ಹುಚ್ಚೆಳ್ಳು. ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕ್ತಿದ್ದದ್ದು ಸುಮ್ನೆ ಅಲ್ಲ. ಹುಚ್ಚೆಳ್ಳು ಕಾಳು ಕಟ್ಟಬೇಕಾದ್ರೆ ಬೇರೆ ಗಿಡದ ಪರಾಗ ಬೇಕು, ಅಂದ್ರೆ ಜೇನ್ನೊಣ ಬರಲೇಬೇಕು. ಹಾಗೆ ಬಂದಿದ್ದು ಪಕ್ಕದ ಸೂರ್ಯಕಾಂತಿ, ಕುಂಬಳ, ಸೌತೆಗೂ ಹೋಗುತ್ತೆ. ಹುಚ್ಚೆಳ್ಳು ಹಳದಿ ಒಂದೆರಡು ತಿಂಗಳದ್ದು. ಉಳಿದ ತಿಂಗಳಿಗೆ ತಂಗಡಿ. ಎರಡೂ ಇದ್ರೆ ಲೆಕ್ಕ ಸರಿಹೋಗುತ್ತೆ.

ಬದುವಲ್ಲಿ ಪೊದೆ ಬಿಟ್ರೆ ಇಲಿ, ಹಾವು ಸೇರ್ಕೊಳ್ತವೆ ಅಂತ ಕೆಲವರು ಹೇಳ್ತಾರೆ. ಮಾತು ಸುಳ್ಳಲ್ಲ. ಹಾಗಂತ ಬುಡಕ್ಕೆ ಔಷಧಿ ಹೊಡೀಬೇಕಾಗಿಲ್ಲ. ವರ್ಷಕ್ಕೊಂದು ಸಲ ಸೊಂಟದ ಎತ್ತರಕ್ಕೆ ಸವರಿ, ಬುಡ ಚೊಕ್ಕ ಮಾಡಿ. ಸವರಿದ ಸೊಪ್ಪನ್ನ ನಾಟಿಗೆ ಮುಂಚೆ ಗದ್ದೇಲಿ ತುಳಿಸಿ. ಒಂದು ಮಾತು ನೆನಪಿರಲಿ, ಇದು ದ್ವಿದಳ ಜಾತಿಯಾದ್ರೂ ಬೇರಲ್ಲಿ ಗಂಟು ಕಟ್ಟಿ ಸಾರಜನಕ ಹಿಡಿಯಲ್ಲ. ಗೊಬ್ಬರಕ್ಕೇ ಅಂತ ಬೆಳೆಸೋದಾದ್ರೆ ಗ್ಲಿರಿಸೀಡಿಯಾ ಮೇಲು.

ಕೂಲಿ ಆಳು ಸಿಗಲ್ಲ, ಔಷಧೀನೇ ಅಗ್ಗ ಅನ್ನೋದೂ ಅರ್ಥ ಆಗುತ್ತೆ. ಆದ್ರೆ ಬೇರು ಸತ್ತ ಬದು ಜೋರು ಮಳೆಗೆ ಕುಸಿದ್ರೆ ಮಣ್ಣು ಮತ್ತೆ ಎತ್ತಿ ಕಟ್ಟೋಕೂ ಆಳೇ ಬೇಕಲ್ವಾ? ಗ್ಲೈಫೋಸೇಟನ್ನ ಪರವಾನಗಿ ಇರೋ ಕೀಟ ನಿಯಂತ್ರಣದವರು ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲೇ ಆದೇಶ ಮಾಡಿದೆ ಅನ್ನೋದೂ ಗೊತ್ತಿರಲಿ.

ಹಾಕೋರಿಗೆ: ಹಳೇ ಗಿಡದಲ್ಲಿ ಒಣಗಿದ ಚಪ್ಪಟೆ ಕಾಯಿ ಕಿತ್ತು ಬೀಜ ಬಿಡಿಸಿ. ಸಿಪ್ಪೆ ಗಟ್ಟಿ, ಹಾಗೇ ಹಾಕಿದ್ರೆ ಬೇಗ ಮೊಳೆಯಲ್ಲ. ಮರಳಿನ ಜೊತೆ ಚೆನ್ನಾಗಿ ಉಜ್ಜಿ, ಇಲ್ಲಾಂದ್ರೆ ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿ. ಮಳೆ ಹಿಡಿದ ಮೇಲೆ ಇರಬೇಕಾದ ಜಾಗಕ್ಕೇ ನೇರ ಊರಿ, ಕಿತ್ತು ನೆಟ್ರೆ ತಾಯಿಬೇರು ಕೆಡುತ್ತೆ. ನೀರು ನಿಲ್ಲೋ ಜಾಗ ಬೇಡ.

ಹಳದಿ ಹೂವಂತ ಸಿಕ್ಕಿದ್ದೆಲ್ಲಾ ತರಬೇಡಿ. ಹಳದಿ ಕಣಗಿಲೆ ವಿಷ, ಮಕ್ಕಳು, ದನಕರು ಇರೋ ಮನೆಗೆ ಆಗಲ್ಲ. ಸೆನ್ನಾ ಸ್ಪೆಕ್ಟಾಬಿಲಿಸ್ ಅನ್ನೋ ಹೊರದೇಶದ ಮರ ವಯನಾಡು, ಮುದುಮಲೈ ಕಾಡಿಗೆ ನುಗ್ಗಿ ಬೇರೇನೂ ಬೆಳೆಯೋಕೆ ಬಿಡ್ತಿಲ್ಲ, ಕೀಳೋಕೆ ಅರಣ್ಯ ಇಲಾಖೆಯವರು ಒದ್ದಾಡ್ತಿದ್ದಾರೆ. ಅದೂ ತಂಗಡಿ ಕುಲದ್ದೇ, ಅದೇ ಥರದ ಹಳದಿ ಹೂವು. ನಮ್ಮ ತಂಗಡಿ ಪೊದೆ, ಅದು ದೊಡ್ಡ ಮರ, ಅಷ್ಟು ವ್ಯತ್ಯಾಸ ನೋಡ್ಕೊಳ್ಳಿ.

ಎಲ್ಲ ಬದುವೂ ಬಿಡಿ ಅಂತ ನಾನು ಹೇಳ್ತಿಲ್ಲ. ಈ ಮುಂಗಾರಿಗೆ ಒಂದೇ ಒಂದು ಬದುವಿಗೆ ಔಷಧಿ ಹೊಡೀಬೇಡಿ. ಆ ಬದುವಿನ ಪಕ್ಕ ಬದನೇನೋ ಕುಂಬಳಾನೋ ಹಾಕಿ, ಬೆಳಗ್ಗೆ ಹೊತ್ತು ಹೂವಿನ ಮೇಲೆ ಯಾರು ಕೂತಿದ್ದಾರೆ ನೋಡಿ. ಕಂಡಿದ್ದನ್ನ ಇಲ್ಲಿ ಬರೀರಿ, ನನ್ನ ಮಾತು ಒಪ್ಪದೇ ಇದ್ರೂ ಬರೀರಿ.